ಸಿಗಾರನ್ನು ಫ್ರಿಜ್‌ನಲ್ಲಿ ಇಡಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಸಿಗಾರ್ ಸೇದುವವರಿಗೆ ಏನೇನು ಉಡುಗೊರೆ ಕೊಡಬಹುದು ಅಂತ ಒಂದು ಇಡೀ ಪುಟ ಬಂದಿತ್ತು. ಪೆಟ್ಟಿಗೆ, ಕತ್ತರಿ, ಲೈಟರ್, ಬೂದಿ ತಟ್ಟೆ, ಚರ್ಮದ ಚೀಲ ಎಲ್ಲದರ ಫೋಟೊ ಚೆನ್ನಾಗಿದ್ದವು. ಬರಹ ಓದಿದ ಮೇಲೆ ಮಾತ್ರ ಸುಮ್ನೆ ಕೂರಲು ಆಗಲಿಲ್ಲ. ಮೊಮ್ಮಗಳ ಹತ್ತಿರ ಪೆನ್ನು ಕಸಿದುಕೊಂಡು ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನ ಒಂದು ಹಳೇ ಕ್ಲಬ್‌ನಲ್ಲಿ 1979ರಿಂದ 2016ರವರೆಗೆ ಬೇರರ್ ಆಗಿದ್ದವನು. ಅದರಲ್ಲಿ ಕೊನೆಯ 28 ವರ್ಷ ಸಿಗಾರ್ ಬೀರುವಿನ ಕೀಲಿ ನನ್ನ ಸೊಂಟದಲ್ಲಿತ್ತು. ಒಂದು ದಿನವೂ ಸೇದಿದವನಲ್ಲ. ನಮ್ಮೂರು ಹುಣಸೂರು ತಾಲ್ಲೂಕು. ಅಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ, ಬ್ಯಾರನ್ ಅನ್ನುವ ಒಣಗಿಸುವ ಮನೆಯಲ್ಲಿ ಬೇಯಿಸುತ್ತಾರೆ. ನಮ್ಮ ಸೊಪ್ಪು ಹೋಗುವುದು ಸಿಗರೇಟಿಗೆ. ಬೆಂಕಿಯ ಕಾವಿನಲ್ಲಿ ಐದಾರು ದಿನಕ್ಕೆ ಒಣಗಿ ಹಳದಿ ಆಗುತ್ತೆ. ಸಿಗಾರಿನ ಸೊಪ್ಪು ಬೇರೆ. ಅದನ್ನು ಗಾಳಿಯಲ್ಲೇ ವಾರಗಟ್ಟಲೆ ತೂಗುಹಾಕಿ ಒಣಗಿಸಿ, ಆಮೇಲೆ ರಾಶಿ ಹಾಕಿ ಹುದುಗು ಬರಿಸುತ್ತಾರೆ. ಆದರೆ ಎರಡಕ್ಕೂ ಒಂದು ವಿಷಯ ಒಂದೇ. ಅದಕ್ಕೆ ನಮ್ಮಪ್ಪ ಹೇಳುತ್ತಿದ್ದ ಮಾತು ಹದ. ಬ್ಯಾರನ್ ಆರಿದ ಮೇಲೆ ಯಾರೂ ಸೊಪ್ಪಿಗೆ ಕೈ ಹಾಕುತ್ತಿರಲಿಲ್ಲ. ಮುಟ್ಟಿದರೆ ಹಪ್ಪಳದ ಹಾಗೆ ಪುಡಿಪುಡಿ. ರಾತ್ರಿ ಬಾಗಿಲು ತೆಗೆದಿಟ್ಟು, ತಂಪು ಗಾಳಿ ಕುಡಿಸಿ, ಬೆಳಗಿನ ಜಾವ ಹೋಗಿ ಒಂದು ಎಲೆ ಮುಷ್ಟಿಯಲ್ಲಿ ಹಿಡಿದು ಬಿಡುತ್ತಿದ್ದರು. ಅದು ಮುರಿಯದೆ ನಿಧಾನಕ್ಕೆ ಬಿಚ್ಚಿಕೊಂಡರೆ ಹದ ಬಂತು ಅಂತ ಲೆಕ್ಕ.

ಸಿಗಾರ್ ಪೆಟ್ಟಿಗೆ ಮಾಡಬೇಕಾದ ಕೆಲಸವೂ ಅಷ್ಟೇ. ಆ ಹದವನ್ನು ಹಾಗೇ ಹಿಡಿದಿಡುವುದು. ನಿಮ್ಮ ಲೇಖನದಲ್ಲಿ ಇಲ್ಲದೇ ಹೋದದ್ದು ಇದೊಂದೇ.

ಮೊದಲು ಫ್ರಿಜ್ ವಿಷಯ. ‘ಪೆಟ್ಟಿಗೆ ಕೊಳ್ಳಲು ಆಗದವರು ಸಿಗಾರನ್ನು ಫ್ರಿಜ್‌ನಲ್ಲಿ ಇಡಬಹುದು’ ಅಂತ ಬರೆದಿದ್ದೀರಿ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಫ್ರಿಜ್ ಒಳಗೆ ತಂಪು ಇರುತ್ತೆ, ತೇವ ಇರಲ್ಲ. ಬಿಡಿಯಾಗಿ ಇಟ್ಟ ಕೊತ್ತಂಬರಿ ಸೊಪ್ಪು ಎರಡೇ ದಿನಕ್ಕೆ ಸೊರಗುತ್ತೆ, ಅಲ್ವಾ? ಸಿಗಾರ್ ಅಂದರೂ ಸೊಪ್ಪೇ. ಕಾಗದ ಇಲ್ಲ, ಫಿಲ್ಟರ್ ಇಲ್ಲ. ಒಳಗೆ ತುಂಬುವ ಎಲೆ, ಅದನ್ನು ಕಟ್ಟುವ ಎಲೆ, ಮೇಲೆ ಸುತ್ತುವ ಎಲೆ. ಮೇಲಿನ ಎಲೆ ಎಷ್ಟು ತೆಳು ಅಂದರೆ ಒಣಗಿದರೆ ಬೆರಳು ತಾಗಿದರೂ ಸೀಳುತ್ತೆ. ಜೊತೆಗೆ ಫ್ರಿಜ್‌ನಲ್ಲಿರುವ ಬೆಳ್ಳುಳ್ಳಿ, ಇಂಗು, ನಿನ್ನೆಯ ಸಾಂಬಾರಿನ ವಾಸನೆ ಎಲ್ಲ ಹೀರಿಕೊಳ್ಳುತ್ತೆ. ಸಾವಿರಾರು ರೂಪಾಯಿ ಕೊಟ್ಟು ತಂದದ್ದು ಸಾಂಬಾರಿನ ವಾಸನೆ ಬಂದರೆ ಯಾರಿಗೆ ಬೇಕು?

ಪೆಟ್ಟಿಗೆಗೆ ದುಡ್ಡಿಲ್ಲದವರಿಗೆ ಬೇರೆ ದಾರಿ ಇದೆ. ಬಿಗಿ ಮುಚ್ಚಳದ, ಗಾಳಿಯಾಡದ ಪ್ಲಾಸ್ಟಿಕ್ ಊಟದ ಡಬ್ಬಿ. ಹೊಸದು ಆಗಿರಬೇಕು, ಉಪ್ಪಿನಕಾಯಿ ಹಾಕಿದ್ದಲ್ಲ. ಅದರೊಳಗೆ ತೇವ ಕಾಯುವ ಒಂದು ಸಣ್ಣ ಪೊಟ್ಟಣ ಹಾಕಿದರೆ ಆಯಿತು. ಬೊವೇಡಾ ಅನ್ನುವ ಕಂಪನಿಯದು ಸಿಗುತ್ತೆ, ಪೊಟ್ಟಣದ ಮೇಲೆ 65, 69, 72 ಅಂತ ನಂಬರ್ ಇರುತ್ತೆ. ತೇವ ಜಾಸ್ತಿ ಆದರೆ ಹೀರುತ್ತೆ, ಕಡಿಮೆ ಆದರೆ ಬಿಡುತ್ತೆ. ನೋಡಲು ಅಂದವಿಲ್ಲ, ನಿಜ. ಆದರೆ ಚೆಂದದ ಎಷ್ಟೋ ಪೆಟ್ಟಿಗೆಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತೆ. ನಾನು ನಿವೃತ್ತಿ ಆಗುವ ಹೊತ್ತಿಗೆ ಇಬ್ಬರು ಸದಸ್ಯರ ಮನೆಯಲ್ಲಿ ಇದೇ ವ್ಯವಸ್ಥೆ ಮಾಡಿಕೊಟ್ಟಿದ್ದೆ.

ಎರಡನೆಯದು ಗಂಧದ ಪೆಟ್ಟಿಗೆ. ‘ನಮ್ಮ ಮೈಸೂರಿನ ಶ್ರೀಗಂಧದ ಪೆಟ್ಟಿಗೆಯಲ್ಲಿ ಸಿಗಾರ್ ಇಟ್ಟು ಕೊಟ್ಟರೆ ನಾಡಿನ ಸೊಗಡೂ ಸೇರುತ್ತದೆ’ ಅಂತ ಬರೆದಿದ್ದೀರಿ. ಸೊಗಡು ಸೇರುತ್ತೆ, ಅದೇ ತೊಂದರೆ. ಗಂಧದ ಪರಿಮಳ ಯಾರನ್ನೂ ಬಿಡುವುದಿಲ್ಲ. ಒಂದೇ ವಾರದಲ್ಲಿ ಸಿಗಾರ್ ಊದುಬತ್ತಿ ಆಗುತ್ತೆ.

ಇದಕ್ಕೆ ಹಿಂದಿನಿಂದ ಬಳಸುತ್ತಿರುವುದು ಸ್ಪ್ಯಾನಿಷ್ ಸೀಡರ್ ಅನ್ನುವ ಮರ. ಹೆಸರು ಬರೀ ಮೋಸ. ಅದು ಸ್ಪೇನಿನದೂ ಅಲ್ಲ, ಸೀಡರ್ ಕೂಡ ಅಲ್ಲ. ಅಮೆರಿಕ ಖಂಡದ ಬಿಸಿ ನಾಡುಗಳಲ್ಲಿ, ಕ್ಯೂಬಾ ಕಡೆಯ ದ್ವೀಪಗಳಲ್ಲಿ ಬೆಳೆಯುವ, ನಮ್ಮ ಬೇವಿನ ಕುಟುಂಬದ ಮರ. ತೇವ ಕುಡಿದು ನಿಧಾನಕ್ಕೆ ವಾಪಸ್ ಬಿಡುತ್ತೆ. ತೆಳ್ಳಗೆ ಒಂದು ಸುವಾಸನೆ ಇರುತ್ತೆ, ಅದು ಸೊಪ್ಪಿನ ಜೊತೆ ಜಗಳ ಆಡಲ್ಲ. ಒಂದು ಸಲ ಕ್ಲಬ್ ಪೆಟ್ಟಿಗೆಯ ಒಳಗಿನ ತಟ್ಟೆ ಮುರಿದಾಗ ಶಿವಾಜಿನಗರದ ಆಚಾರಿ ತೇಗ ಹಾಕುತ್ತೇನೆ ಅಂದ. ಬೇಡ ಅಂದೆ, ತೇಗಕ್ಕೆ ತನ್ನದೇ ಎಣ್ಣೆ ವಾಸನೆ. ಆಮೇಲೆ ಅವನೇ ಟಿಂಬರ್ ಯಾರ್ಡ್ ಸುತ್ತಿ ತೂನ್ ಮರದ ಹಲಗೆ ತಂದ. ನಮ್ಮ ಘಟ್ಟದಲ್ಲಿ ಗಂಧಗರಿಗೆ ಅಂತ ಕರೆಯುತ್ತಾರಲ್ಲ, ಅದೇ. ಸ್ಪ್ಯಾನಿಷ್ ಸೀಡರಿಗೆ ಹತ್ತಿರದ ನೆಂಟ. ಚೆನ್ನಾಗಿ ಒಣಗಿದ ಹಲಗೆ ಅದು. ನಾನು ಇರುವವರೆಗೂ ಆ ತಟ್ಟೆ ಯಾವ ತೊಂದರೆಯೂ ಕೊಡಲಿಲ್ಲ. ‘ನಾಡಿನ ಸೊಗಡು’ ಬೇಕಿದ್ದರೆ ನೀವು ಬರೆಯಬೇಕಿದ್ದದ್ದು ಈ ಮರದ ಬಗ್ಗೆ.

ಇಲ್ಲಿ ಒಂದು ಹಳೇ ಗಾಯದ ಕಥೆ ಹೇಳಲೇಬೇಕು. ಕ್ಲಬ್‌ಗೆ ಹೊಸದಾಗಿ ಬಂದ ಒಬ್ಬ ಅಧಿಕಾರಿ ವಾರ್ಷಿಕೋತ್ಸವಕ್ಕೆ ಮೊದಲು ಎಲ್ಲ ಮೇಜು ಕುರ್ಚಿಗೂ ಪಾಲಿಷ್ ಹೊಡೆಸಿದರು. ನಾನು ರಜೆ ಹಾಕಿ ಊರಿಗೆ ಹೋಗಿದ್ದೆ. ವಾಪಸ್ ಬಂದು ನೋಡಿದರೆ ಸಿಗಾರ್ ಪೆಟ್ಟಿಗೆ ಕನ್ನಡಿಯ ಹಾಗೆ ಹೊಳೆಯುತ್ತಿದೆ. ಹೊರಗೆ ಮಾತ್ರ ಅಲ್ಲ, ಒಳಗೂ! ಮುಚ್ಚಳ ತೆಗೆದರೆ ಥಿನ್ನರ್ ವಾಸನೆ ಮೂಗಿಗೆ ಹೊಡೆಯಿತು. ಒಳಗಿನ ಮರಕ್ಕೆ ಯಾವತ್ತೂ ಪಾಲಿಷ್, ವಾರ್ನಿಷ್, ಪೇಂಟ್ ಮುಟ್ಟಿಸಬಾರದು. ಮರ ಉಸಿರಾಡುವುದೇ ನಿಂತುಹೋಗುತ್ತೆ. ಮೂರು ದಿನ ಉಪ್ಪು ಕಾಗದ ಹಿಡಿದು ಉಜ್ಜಿದೆ. ಆಮೇಲೆ ತಿಂಗಳು ಪೂರ್ತಿ ಬಾಯಿ ತೆರೆದು ಇಟ್ಟೆ. ಆ ಪೆಟ್ಟಿಗೆ ಮತ್ತೆ ಮೊದಲಿನ ಹಾಗೆ ಆಗಲೇ ಇಲ್ಲ ಅಂತ ನನಗೆ ಇವತ್ತಿಗೂ ಅನಿಸುತ್ತೆ. ಅಧಿಕಾರಿಗಳಿಗೆ ಏನನ್ನಿಸಿತೋ, ಅವರು ಕೇಳಲೂ ಇಲ್ಲ.

ಪೆಟ್ಟಿಗೆ ಕೊಳ್ಳುವವರು ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಹತ್ತು ರೂಪಾಯಿ ನೋಟನ್ನು ಅಂಚಿನಲ್ಲಿಟ್ಟು ಮುಚ್ಚಳ ಹಾಕಿ, ಎಳೆಯಿರಿ. ಸರಾಗವಾಗಿ ಬಂದರೆ ಆ ಪೆಟ್ಟಿಗೆ ಬೇಡ. ಒಳ್ಳೆಯ ಪೆಟ್ಟಿಗೆಯ ಮುಚ್ಚಳ ಕೈಬಿಟ್ಟರೆ ದಬ್ ಅಂತ ಬೀಳುವುದಿಲ್ಲ. ಒಳಗಿನ ಗಾಳಿ ತಡೆದು, ಕೊನೆಗೆ ಮೆಲ್ಲಗೆ ಕೂರುತ್ತೆ. ಮೇಲೆ ಗಾಜು ಇರುವ ಪೆಟ್ಟಿಗೆಯನ್ನು ನೀವು ಮೆಚ್ಚಿ ಬರೆದಿದ್ದೀರಿ. ನನಗೆ ಅದು ಇಷ್ಟವಿಲ್ಲ. ಗಾಜು ಮರ ಸೇರುವ ಕಡೆ ಗಾಳಿ ಸೋರುತ್ತೆ, ಬೆಳಕೂ ಬೀಳುತ್ತೆ. ಇನ್ನು, ತಂದ ದಿನವೇ ಸಿಗಾರ್ ತುಂಬಬಾರದು. ಒಣ ಮರ ಸಿಗಾರಿನಲ್ಲಿರುವ ತೇವವನ್ನೇ ಕಿತ್ತುಕೊಳ್ಳುತ್ತೆ. ಒಳಗೆ ಒಂದು ಬಟ್ಟಲಲ್ಲಿ ಡಿಸ್ಟಿಲ್ಡ್ ವಾಟರ್ ಇಟ್ಟು, ಮುಚ್ಚಿ, ಒಂದೆರಡು ವಾರ ಮರೆತುಬಿಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ ಬೇಗ ಮುಗಿಸುತ್ತೇನೆ ಅನ್ನುವವರಿದ್ದಾರೆ, ಹಲಗೆ ಬಾಗಿದ ಮೇಲೆ ಗೊತ್ತಾಗುತ್ತೆ. ನಲ್ಲಿ ನೀರು, ಬೋರ್‌ವೆಲ್ ನೀರು ಬೇಡವೇ ಬೇಡ. ಬೆಂಗಳೂರಿನ ಬೋರ್ ನೀರು ಗೀಸರ್‌ಗೆ ಏನು ಮಾಡುತ್ತೆ ಅಂತ ಎಲ್ಲರೂ ಕಂಡವರೇ. ಪೆಟ್ಟಿಗೆಯೊಳಗೆ ತೇವಕ್ಕೆ ಇಡುವ ಸ್ಪಂಜಿಗೂ ಅದೇ ಗತಿ.

ತೇವ ಎಷ್ಟಿರಬೇಕು? 65ರಿಂದ 70 ಪರ್ಸೆಂಟ್. ಬಿಸಿ 18ರಿಂದ 20 ಡಿಗ್ರಿ ಇದ್ದರೆ ಒಳ್ಳೆಯದು. ಬೆಂಗಳೂರಿನಲ್ಲಿ ಡಿಸೆಂಬರ್ ಬಿಟ್ಟರೆ ಇದು ತಾನಾಗಿ ಸಿಗಲ್ಲ. ಮಾರ್ಚ್ ಮಧ್ಯಾಹ್ನ ನಮ್ಮ ಪ್ಯಾಂಟ್ರಿಯ ತೇವದ ಮೀಟರ್ 30 ಪರ್ಸೆಂಟ್‌ಗೂ ಕೆಳಗೆ ಇಳಿದದ್ದನ್ನು ನೋಡಿದ್ದೇನೆ. ಮಂಗಳೂರಿನವರಿಗೆ ಉಲ್ಟಾ ಕಷ್ಟ. ಜುಲೈನಲ್ಲಿ ಅಲ್ಲಿ ಗೋಡೆಯೇ ಬೆವರುತ್ತೆ, ಚಪ್ಪಲಿಗೆ ಬೂಸ್ಟು ಹಿಡಿಯುತ್ತೆ, ಸಿಗಾರ್ ಬಿಡುತ್ತಾ? ಅವರು ಪೆಟ್ಟಿಗೆಗೆ ತೇವ ಹಾಕುವುದಕ್ಕಿಂತ ಹೊರಗಿನ ತೇವ ಒಳಗೆ ಬರದ ಹಾಗೆ ನೋಡಿಕೊಳ್ಳಬೇಕು. ನಿಮ್ಮ ಪೇಪರ್ ಎರಡೂ ಊರಿನಲ್ಲಿ ಓದುತ್ತಾರೆ. ಒಂದೇ ಸಲಹೆ ಇಬ್ಬರಿಗೂ ಹೇಗೆ ಹೊಂದುತ್ತೆ ಹೇಳಿ.

ಈ ಮೀಟರ್‌ಗೆ ಹೈಗ್ರೋಮೀಟರ್ ಅಂತ ಹೆಸರು. ಪೆಟ್ಟಿಗೆ ಜೊತೆ ಬರುವ ಹಿತ್ತಾಳೆ ಗಡಿಯಾರದಂಥದ್ದನ್ನು ನಂಬಬೇಡಿ. ನಮ್ಮಲ್ಲಿದ್ದ ಒಂದು ಮೀಟರಿನ ಮುಳ್ಳು ವರ್ಷಪೂರ್ತಿ 70ರಲ್ಲೇ ನಿಂತಿತ್ತು. ನಾನೂ ಎಂಥ ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಅಂತ ಬೀಗುತ್ತಿದ್ದೆ. ಸದಸ್ಯರಾಗಿದ್ದ ಒಬ್ಬ ಕೆಮಿಸ್ಟ್ರಿ ಮೇಷ್ಟ್ರು ನಕ್ಕು, ಒಂದು ಚಮಚ ಅಡುಗೆ ಉಪ್ಪು ತಾ ಅಂದರು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ನಾಲ್ಕು ಹನಿ ನೀರು ಬಿಟ್ಟರು. ಉಪ್ಪು ಕರಗಬಾರದು, ಬರೀ ಒದ್ದೆ ಮರಳಿನ ಹಾಗೆ ಆಗಬೇಕು. ಅದನ್ನೂ ಮೀಟರನ್ನೂ ಒಂದೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಗಿಯಾಗಿ ಕಟ್ಟಿ ಒಂದು ದಿನ ಬಿಟ್ಟರು. ಒದ್ದೆ ಉಪ್ಪಿನ ಮೇಲಿನ ಗಾಳಿಯಲ್ಲಿ ತೇವ ಯಾವಾಗಲೂ 75 ಪರ್ಸೆಂಟ್ ಇರುತ್ತಂತೆ. ಮೀಟರ್ 75 ತೋರಿಸಬೇಕು. ನಮ್ಮದು ಮಾರನೇ ದಿನವೂ 70! ಮುಳ್ಳು ಅಂಟಿಕೊಂಡಿತ್ತು ಅಷ್ಟೆ. ಅವತ್ತಿನಿಂದ ವರ್ಷಕ್ಕೆ ಎರಡು ಸಲ ಉಪ್ಪಿನ ಪರೀಕ್ಷೆ ಮಾಡುತ್ತಿದ್ದೆ. ಮೀಟರ್ 72 ತೋರಿಸಿದರೆ ಒಂದು ಚೀಟಿ ಬರೆದು ಅಂಟಿಸುತ್ತಿದ್ದೆ: ‘3 ಸೇರಿಸು.’

ಬಿಸಿ ಜಾಸ್ತಿ ಆದರೆ ಇನ್ನೊಂದು ಕಾಟ, ಹುಳು. 24 ಡಿಗ್ರಿ ದಾಟಿದರೆ ಎಲೆಯೊಳಗೆ ಮೊದಲೇ ಇದ್ದ ಮೊಟ್ಟೆ ಒಡೆಯುವ ಭಯ. ಸೂಜಿ ಚುಚ್ಚಿದ ಹಾಗೆ ತೂತು, ಕೆಳಗೆ ಹಿಟ್ಟು ಉದುರಿರುತ್ತೆ. ಅರಿಶಿನದ ಕೊಂಬಿಗೆ, ಒಣ ಮೆಣಸಿನಕಾಯಿಗೆ ಬೀಳುವ ಕಂದು ಹುಳು ಇದೆಯಲ್ಲ, ಅದೇ ಇದು. 1998ರ ಏಪ್ರಿಲ್‌ನಲ್ಲಿ ಒಂದು ರಾತ್ರಿಯಿಡೀ ಕರೆಂಟ್ ಇಲ್ಲದೆ ಎ.ಸಿ. ನಿಂತು, ಮೂರು ವಾರದ ಮೇಲೆ 22 ಸಿಗಾರ್ ತೂತು ಬಿದ್ದವು. ನನ್ನ ಸಂಬಳಕ್ಕೇ ಕೈ ಹಾಕುತ್ತಾರೆ ಅಂದುಕೊಂಡಿದ್ದೆ. ಪುಣ್ಯಕ್ಕೆ ಹಾಗಾಗಲಿಲ್ಲ. ಹುಳು ಕಂಡರೆ ಮಾತ್ರ ತಣ್ಣನೆಯ ಸಹವಾಸ. ಅದೂ ಫ್ರೀಜರ್, ಫ್ರಿಜ್ ಅಲ್ಲ. ಉಳಿದ ಸಿಗಾರುಗಳನ್ನು ಎರಡು ಪದರ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೋಗದಂತೆ ಕಟ್ಟಿ ಮೂರು ದಿನ ಫ್ರೀಜರ್, ಆಮೇಲೆ ಒಂದು ದಿನ ಫ್ರಿಜ್, ಆಮೇಲೆ ಹೊರಗೆ. ಚೀಲ ಮಾತ್ರ ಕೊನೆಯವರೆಗೂ ಬಿಚ್ಚಬಾರದು. ಒಮ್ಮೆಲೇ ಬಿಸಿಗೆ ತಂದರೆ ಮೇಲಿನ ಎಲೆ ಬಿರಿಯುತ್ತೆ. ಬಹುಶಃ ನಿಮ್ಮ ಲೇಖಕರು ಇದನ್ನೇ ಎಲ್ಲೋ ಅರ್ಧ ಕೇಳಿರಬೇಕು.

ಈಗ ಕತ್ತರಿಗೆ ಬರುತ್ತೇನೆ. ‘50 ರಿಂಗ್ ಎಂದರೆ 50 ಮಿಲಿಮೀಟರ್ ದಪ್ಪದ ಸಿಗಾರ್’ ಅಂತ ಅಚ್ಚಾಗಿದೆ. ಐದು ಸೆಂಟಿಮೀಟರ್ ದಪ್ಪ ಅಂದರೆ ಎಳೇ ಬಾಳೆದಿಂಡು. ಅದನ್ನು ಬಾಯಲ್ಲಿ ಇಟ್ಟುಕೊಂಡವರನ್ನು ನಾನಂತೂ ನೋಡಿಲ್ಲ. ಒಂದು ಇಂಚನ್ನು 64 ಭಾಗ ಮಾಡಿದರೆ ಅದರಲ್ಲಿ 50 ಭಾಗ ಅಂತ ಅರ್ಥ. ಸುಮಾರು 20 ಮಿಲಿಮೀಟರ್. ಇದು ಸುಮ್ನೆ ತಪ್ಪು ಹುಡುಕುವ ಮಾತಲ್ಲ. ಕತ್ತರಿ ಕೊಳ್ಳುವಾಗ ಈ ನಂಬರ್ ಬೇಕಾಗುತ್ತೆ. ಈಗ 60 ರಿಂಗಿನ ದಪ್ಪ ಸಿಗಾರ್ ಬರುತ್ತವೆ, ಹಳೇ ಕತ್ತರಿಯ ಬಾಯಿಗೆ ಅವು ಹೋಗಲ್ಲ. ಚರ್ಚಿಲ್ ಹೆಸರಿನ ಅಳತೆ ಇದೆ, 7 ಇಂಚು ಉದ್ದ, 47 ರಿಂಗ್. ಚರ್ಚಿಲ್ ಅಂದಾಗ ನೆನಪಾಯಿತು. ಆತ 1895ರಲ್ಲಿ ಕ್ಯೂಬಾಗೆ ಹೋಗಿ ಬಂದು, ಮಾರನೇ ವರ್ಷ ಬೆಂಗಳೂರಿಗೇ ಸೈನ್ಯದ ಕೆಲಸಕ್ಕೆ ಬಂದವನು. ಬೆಂಗಳೂರು ಕ್ಲಬ್‌ನ ಹಳೇ ಲೆಕ್ಕದ ಪುಸ್ತಕದಲ್ಲಿ ಅವನ 13 ರೂಪಾಯಿ ವಸೂಲಾಗದ ಬಾಕಿ ಅಂತ ಇನ್ನೂ ಇದೆ. ನಮ್ಮ ಸದಸ್ಯರು ಈ ಕಥೆ ಹೇಳದೆ ಒಂದು ಸಂಜೆಯೂ ಕಳೆಯುತ್ತಿರಲಿಲ್ಲ. ಬಿಲ್ ತಂದಾಗ ಮಾತ್ರ ಜಾಸ್ತಿ ಹೇಳುತ್ತಿದ್ದರು.

ಕತ್ತರಿಗೆ ಬೆಳ್ಳಿ ಹಿಡಿ ಬೇಕಿಲ್ಲ, ಚೂಪು ಬೇಕು. ಎರಡೂ ಕಡೆಯಿಂದ ಅಲಗು ಬರುವ ಸಾದಾ ಕತ್ತರಿ ಸಾಕು. ಮೊಂಡಾದರೆ ಕತ್ತರಿಸಲ್ಲ, ಜಜ್ಜುತ್ತೆ. ಮೊಂಡು ಅಡಕತ್ತರಿಯಲ್ಲಿ ಅಡಿಕೆ ಸೀಳಿದವರಿಗೆ ಇದು ಗೊತ್ತು. ನಿಜಕ್ಕೂ ಒಬ್ಬ ಸಾಹೇಬ್ರು, ತೀರ್ಥಹಳ್ಳಿ ಕಡೆಯವರು, ಅಜ್ಜಿಯ ಅಡಕತ್ತರಿಯನ್ನೇ ಜೇಬಲ್ಲಿ ತರುತ್ತಿದ್ದರು. ಮೊದಮೊದಲು ನನಗೆ ನಗು. ಆದರೆ ಅದರ ಅಲಗು ಎಷ್ಟು ಚೂಪಾಗಿತ್ತೆಂದರೆ ನಮ್ಮ ಇಂಗ್ಲಿಷ್ ಕತ್ತರಿ ನಾಚಬೇಕು. ಎಲ್ಲಿ ಕತ್ತರಿಸಬೇಕು ಅನ್ನುವುದು ಇನ್ನೂ ಮುಖ್ಯ. ಬಾಯಿಗಿಡುವ ತುದಿಗೆ ಎಲೆಯದೇ ಒಂದು ಸಣ್ಣ ಟೋಪಿ ಅಂಟಿಸಿರುತ್ತಾರೆ. ಅದರ ನೆತ್ತಿ ಮಾತ್ರ, ಎರಡು ಮಿಲಿಮೀಟರ್ ಸಾಕು. ಟೋಪಿಯ ಗೆರೆ ದಾಟಿ ಕೆಳಗೆ ಕತ್ತರಿಸಿದರೆ ಇಡೀ ಸಿಗಾರ್ ಪಂಚೆ ಬಿಚ್ಚಿದ ಹಾಗೆ ಬಿಚ್ಚಿಕೊಳ್ಳುತ್ತೆ. ತೂತು ಕೊರೆಯುವ ಪಂಚ್ ಅನ್ನುವ ಸಾಧನದ ಫೋಟೊ ಹಾಕಿದ್ದೀರಿ. ಚೂಪು ತಲೆಯ ಸಿಗಾರಿಗೆ ಅದು ಬರಲ್ಲ. ದಿಂಡಿಗಲ್, ತಿರುಚ್ಚಿಯ ಚುಟ್ಟಕ್ಕೆ ಯಾವ ಕತ್ತರಿಯೂ ಬೇಡ, ಎರಡು ತುದಿಯೂ ಮೊದಲೇ ತೆರೆದಿರುತ್ತೆ.

ಲೈಟರ್ ಬಗ್ಗೆ ಒಂದೇ ಮಾತು. ಪೆಟ್ರೋಲ್ ಲೈಟರ್ ಬೇಡ, ಮೊದಲ ಎಳೆತದಲ್ಲೇ ಬಂಕ್ ವಾಸನೆ. ಗ್ಯಾಸ್ ಲೈಟರ್ ಆಗಬಹುದು. ಉದ್ದ ಮರದ ಬೆಂಕಿಕಡ್ಡಿ ಇನ್ನೂ ಒಳ್ಳೆಯದು, ಗೀರಿದ ಮೇಲೆ ಮದ್ದಿನ ವಾಸನೆ ಹೋಗುವವರೆಗೆ ಕಾಯಬೇಕು. ಜ್ವಾಲೆಯನ್ನು ಸಿಗಾರಿಗೆ ಮುಟ್ಟಿಸದೆ, ಸ್ವಲ್ಪ ಕೆಳಗೆ ಹಿಡಿದು, ತಿರುಗಿಸುತ್ತಾ ಜೋಳದ ರೊಟ್ಟಿಯ ಅಂಚು ಕಾಯಿಸಿದ ಹಾಗೆ ಸುತ್ತಲೂ ಕಾಯಿಸಬೇಕು. ಬೂದಿ ತಟ್ಟೆ ಅಗಲ ಇರಲಿ, ಸಿಗಾರ್ ಮಲಗುವಷ್ಟು ಉದ್ದದ ತೋಡು ಇರಲಿ. ಸಿಗರೇಟಿನ ಹಾಗೆ ಒತ್ತಿ ಆರಿಸಬೇಡಿ. ಸುಮ್ನೆ ಬಿಟ್ಟರೆ ತಾನೇ ಆರುತ್ತೆ. ಒತ್ತಿದರೆ ಕೋಣೆಯೆಲ್ಲ ಗಬ್ಬು, ಮಾರನೇ ಬೆಳಿಗ್ಗೆ ಪರದೆ ಒಗೆಯುವವರು ನಮ್ಮಂಥವರು.

ಚರ್ಮದ ಚೀಲಕ್ಕೆ ನೀವು ಅರ್ಧ ಪುಟ ಕೊಟ್ಟಿದ್ದೀರಿ. ಸಂಜೆಗೆ ಎರಡು ಸಿಗಾರ್ ಒಯ್ಯಲು ಸರಿ. ಅದಕ್ಕಿಂತ ಜಾಸ್ತಿ ಅದರಿಂದ ಏನೂ ಆಗಲ್ಲ.

ಇಷ್ಟೆಲ್ಲ ಬರೆದು, ಸೇದಿ ಅಂತ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ನಿಮ್ಮ ಪುಟದಲ್ಲಿ ‘ಹೊಗೆ ಒಳಗೆ ಎಳೆಯುವುದಿಲ್ಲ, ಹಾಗಾಗಿ ಸಿಗರೇಟಿನಷ್ಟು ಅಪಾಯವಿಲ್ಲ’ ಅಂತ ಒಂದು ಸಾಲು ಇದೆ. ಅದನ್ನು ಓದಿ ನನಗೆ ಸಿಟ್ಟೇ ಬಂತು. ಒಳಗೆ ಎಳೆಯದಿದ್ದರೂ ಹೊಗೆ ಬಾಯಲ್ಲೇ ಇರುತ್ತಲ್ಲ. ನಾಲಿಗೆ, ಗಂಟಲಿಗೆ ಕ್ಯಾನ್ಸರ್ ಬರುತ್ತೆ. ಅಡಕತ್ತರಿ ತರುತ್ತಿದ್ದ ಸಾಹೇಬ್ರು ಹೋದದ್ದು ಹಾಗೇ. ಕೊನೆಯ ಸಲ ಬಂದಾಗ ಅವರಿಗೆ ಮಾತು ಹೊರಡುತ್ತಿರಲಿಲ್ಲ. ಚೀಟಿಯಲ್ಲಿ ಬರೆದು ತೋರಿಸಿದರು, ‘ಪೆಟ್ಟಿಗೆ ಮೀಟರ್ ಎಷ್ಟಿದೆ?’ 68 ಸರ್ ಅಂದೆ. ತಲೆ ಆಡಿಸಿದರು.

2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಜಾಗದಲ್ಲಿ ಸೇದುವಂತಿಲ್ಲ ಅಂತ ಆದ ಮೇಲೆ ಕ್ಲಬ್‌ನಲ್ಲಿ ಸಿಗಾರ್ ಸೇದುತ್ತಿದ್ದ ಕೋಣೆ ಖಾಲಿ ಆಯಿತು. ಈಗ ಅಲ್ಲಿ ಕೇರಂ ಬೋರ್ಡ್ ಇದೆಯಂತೆ. ನಮ್ಮ ರಾಜ್ಯದಲ್ಲಿ ಈಗ 21 ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಉಡುಗೊರೆ ಪುಟದಲ್ಲಿ ಇದನ್ನೂ ಒಂದು ಸಾಲು ಹಾಕಬಹುದಿತ್ತು.

ನನ್ನ ದೂರು ಇಷ್ಟೇ. ಇಂಥ ವಿಷಯ ಬರೆಯುವಾಗ ಕೊಳ್ಳುವವರನ್ನು ಕೇಳುತ್ತೀರಿ, ಮಾರುವವರನ್ನು ಕೇಳುತ್ತೀರಿ. ದಿನಾ ಮುಚ್ಚಳ ತೆಗೆದು, ಮೂಗು ಹತ್ತಿರ ಇಟ್ಟು, ತಿಂಗಳಿಗೊಮ್ಮೆ ಕೆಳಗಿನದ್ದು ಮೇಲೆ ಮೇಲಿನದ್ದು ಕೆಳಗೆ ಮಾಡಿ ಜೋಡಿಸುವವನನ್ನು ಯಾರೂ ಕೇಳಲ್ಲ. ಕ್ಯೂಬಾದ ಹವಾನಾದಲ್ಲಿ 1865ರಿಂದ ಸಿಗಾರ್ ಸುತ್ತುವ ಕೆಲಸಗಾರರಿಗೆ ಒಬ್ಬ ಎತ್ತರದ ಪೀಠದಲ್ಲಿ ಕೂತು ಪೇಪರ್ ಓದಿ ಹೇಳುತ್ತಿದ್ದನಂತೆ. ಮೊದಮೊದಲು ಕೆಲಸಗಾರರೇ ಕೂಲಿಯಲ್ಲಿ ಚೂರು ಚೂರು ಹಾಕಿ ಅವನಿಗೆ ದುಡ್ಡು ಕೊಡುತ್ತಿದ್ದರು. ನಿಮ್ಮ ಭಾನುವಾರದ ಪುಟವನ್ನು ಅಲ್ಲಿ ಓದಿದ್ದರೆ ಗಂಧದ ಪೆಟ್ಟಿಗೆ ಬಂದಾಗಲೇ ನಿಲ್ಲಿಸು ಅನ್ನುತ್ತಿದ್ದರು ಅಂತ ನನ್ನ ಅಂದಾಜು.

ತಿದ್ದುಪಡಿ ಹಾಕುವುದಾದರೆ ಮೊದಲು ಫ್ರಿಜ್, ಆಮೇಲೆ 50 ಮಿಲಿಮೀಟರ್. ಕ್ಯಾನ್ಸರ್ ಸಾಲಿಗೆ ಬೇರೆಯೇ ಜಾಗ ಕೊಡಿ, ಸಣ್ಣ ಅಕ್ಷರದಲ್ಲಿ ಬೇಡ. ಹಳೇ ಸದಸ್ಯರು ಕೆಲವರು ಇನ್ನೂ ಇದ್ದಾರೆ, ಹಾಗಾಗಿ ನನ್ನ ಹೆಸರು ಹಾಕಬೇಡಿ.

ಇಂತಿ,
ಒಬ್ಬ ನಿವೃತ್ತ ಬೇರರ್,
ಹುಣಸೂರು ತಾಲ್ಲೂಕು